ಸಂಪಾದಕರ ಉತ್ತರ: ಹಾಡಿನ ಜೊತೆ ಅಳುವುದನ್ನೂ ಕಲಿಯಬೇಕೇ?

ಪತ್ರದ ಸಾರ: ಸಿಂಧನೂರು ತಾಲ್ಲೂಕಿನ ಹಳ್ಳಿಯೊಂದರಿಂದ ತಾಯಿಯೊಬ್ಬರು ಬರೆದಿದ್ದಾರೆ. ಮಗಳಿಗೆ 11 ವರ್ಷ, ಆರನೇ ತರಗತಿ. ಪ್ರತಿಭಾ ಕಾರಂಜಿಯಲ್ಲಿ ತಾಲ್ಲೂಕು ಮಟ್ಟದವರೆಗೆ ಹೋಗಿ ಹಾಡಿ ಬಂದಿದ್ದಾಳೆ. ಊರವರೆಲ್ಲ "ಟಿವಿ ಶೋಗೆ ಕಳಿಸ್ರಿ" ಅನ್ನುತ್ತಿದ್ದಾರೆ. "ಅಲ್ಲಿ ಎಲ್ಲಾ ಮೊದಲೇ ಫಿಕ್ಸ್ ಆಗಿರ್ತದ, ಅದು ನಮ್ಮಂಥವರಿಗಲ್ಲ" ಎಂದು ಗಂಡ ಹೇಳುತ್ತಾರೆ. ಈ ನಡುವೆ ಯಾರೋ ಫೋನ್ ಮಾಡಿ, 8,000 ರೂಪಾಯಿ ಹಾಕಿದರೆ ನೇರವಾಗಿ ಆಡಿಷನ್‌ಗೆ ಸೇರಿಸುತ್ತೇನೆ ಅಂದಿದ್ದಾನೆ. ಕಳಿಸಬೇಕೇ? ಕಳಿಸಿದರೆ ಯಾವ ಹಾಡು ಕಲಿಸಬೇಕು? ಇವು ಅವರ ಪ್ರಶ್ನೆಗಳು. ಪತ್ರದ ಕೊನೆಗೆ ಇನ್ನೊಂದು ಸಾಲಿದೆ: "ಈಗೀಗ ಅವಳು ಕನ್ನಡಿ ಮುಂದೆ ನಿಂತು, ಜಡ್ಜ್ ಮನೆ ಬಗ್ಗೆ ಕೇಳಿದಾಗ ಹೇಗೆ ಅಳಬೇಕು ಅಂತ ಅಭ್ಯಾಸ ಮಾಡ್ತಾಳೆ."

ಪ್ರಿಯ ಅಕ್ಕ,

ನಿಮ್ಮ ಪತ್ರ ಬಂದು ಮೂರು ವಾರ ಆಯಿತು. ತಡ ಮಾಡಿದ್ದಕ್ಕೆ ಕ್ಷಮಿಸಿ. ಎರಡು ಸಲ ಉತ್ತರ ಬರೆದು ಹರಿದುಹಾಕಿದೆ. ನಿಮ್ಮ ಪ್ರಶ್ನೆಗಳು ಕಷ್ಟದವಲ್ಲ. ಕೊನೆಗೆ ಸುಮ್ನೆ ಸೇರಿಸಿದ ಹಾಗಿರುವ ಆ ಕನ್ನಡಿಯ ಸಾಲು ಮಾತ್ರ ನನ್ನನ್ನು ಬಿಡಲಿಲ್ಲ.

ಫೋನ್ ಮಾಡಿದವನ ವಿಷಯ ಮೊದಲು ಮುಗಿಸುತ್ತೇನೆ. ಅವನಿಗೆ ಒಂದು ರೂಪಾಯಿಯನ್ನೂ ಹಾಕಬೇಡಿ. ವಾಹಿನಿಗಳು ಆಡಿಷನ್ ಎಲ್ಲಿ, ಯಾವಾಗ ಅನ್ನುವುದನ್ನು ತಮ್ಮ ಪರದೆಯ ಮೇಲೇ ಹೇಳುತ್ತವೆ. ದುಡ್ಡು ಕೇಳಿಕೊಂಡು ಮನೆಗೆ ಫೋನ್ ಮಾಡುವವನು ಮೋಸಗಾರ ಅಂತಲೇ ತಿಳಿಯಿರಿ. 'ಕೌನ್ ಬನೇಗಾ ಕರೋಡ್‌ಪತಿ' ಹೆಸರಿನಲ್ಲಿ ನಿಮಗೆ 25 ಲಕ್ಷದ ಲಾಟರಿ ಬಂದಿದೆ ಅನ್ನುವ ವಾಟ್ಸಾಪ್ ಸಂದೇಶ ಎಷ್ಟು ವರ್ಷದಿಂದ ಸುತ್ತುತ್ತಿದೆ, ಎಷ್ಟು ಜನ ಅದಕ್ಕೆ ದುಡ್ಡು ಕಟ್ಟಿ ಕೂತಿದ್ದಾರೆ ನೋಡಿ. ಈಗಾಗಲೇ ಹಣ ಹಾಕಿದ್ದರೆ ನಾಳೆ ಅನ್ನಬೇಡಿ, ಈಗಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ ದೂರು ಕೊಡಿ. ಬೇಗ ಹೇಳಿದಷ್ಟೂ ಆ ಹಣವನ್ನು ತಡೆಹಿಡಿಯಲು ದಾರಿ ಜಾಸ್ತಿ.

ಇನ್ನು ನಿಮ್ಮ ಯಜಮಾನರ ಮಾತು. ಎಲ್ಲಾ ಫಿಕ್ಸ್ ಅನ್ನುವ ಅನುಮಾನ ಅವರೊಬ್ಬರದ್ದಲ್ಲ, ಅದು ಟಿವಿಯಷ್ಟೇ ಹಳೆಯದು. 1950ರ ದಶಕದಲ್ಲಿ ಅಮೆರಿಕದಲ್ಲಿ 'ಟ್ವೆಂಟಿ ಒನ್' ಎಂಬ ಕ್ವಿಜ್ ಶೋ ಇತ್ತು. ಗೆಲ್ಲಬೇಕಾದವರಿಗೆ ಮೊದಲೇ ಉತ್ತರ ಹೇಳಿಕೊಡುತ್ತಿದ್ದರು. ಹರ್ಬರ್ಟ್ ಸ್ಟೆಂಪೆಲ್ ಎಂಬ ಸ್ಪರ್ಧಿ ತನಗೆ ಚೆನ್ನಾಗಿ ಗೊತ್ತಿದ್ದ ಉತ್ತರವನ್ನೇ ತಪ್ಪು ಹೇಳಿ ಸೋಲಬೇಕಾಯಿತು. ಅವನನ್ನು ಸೋಲಿಸಿ ಮನೆಮಾತಾದ ಕಾಲೇಜು ಅಧ್ಯಾಪಕ ಚಾರ್ಲ್ಸ್ ವ್ಯಾನ್ ಡೋರೆನ್, 1959ರಲ್ಲಿ ಅಲ್ಲಿನ ಸಂಸತ್ತಿನ ಸಮಿತಿಯ ಮುಂದೆ ನಿಂತು ಎಲ್ಲವನ್ನೂ ಒಪ್ಪಿಕೊಂಡ. ಮರುವರ್ಷ ಅಂಥ ಮೋಸವನ್ನು ಅಪರಾಧ ಮಾಡುವ ಕಾನೂನೇ ಬಂತು.

ಇವತ್ತಿನ ಶೋಗಳಿಗೆ ಅಂಥ ಮೋಸದ ಅಗತ್ಯವೇ ಇಲ್ಲ ಅನ್ನುವುದು ನನ್ನ ಅಭಿಪ್ರಾಯ. ಯಾರನ್ನು ಎಷ್ಟು ಹೊತ್ತು ತೋರಿಸಬೇಕು ಅನ್ನುವುದು ಕೈಯಲ್ಲಿದ್ದರೆ ಸಾಕು. 'ಬಿಗ್ ಬಾಸ್' ತೆಗೆದುಕೊಳ್ಳಿ. 1999ರಲ್ಲಿ ನೆದರ್‌ಲ್ಯಾಂಡ್ಸ್‌ನಲ್ಲಿ 'ಬಿಗ್ ಬ್ರದರ್' ಆಗಿ ಹುಟ್ಟಿ, 2006ರಲ್ಲಿ ಹಿಂದಿಗೆ, 2013ರಲ್ಲಿ ಕನ್ನಡಕ್ಕೆ ಬಂದ ಶೋ ಅದು. ಮನೆಯೊಳಗೆ ಇಪ್ಪತ್ನಾಲ್ಕು ಗಂಟೆ ಕ್ಯಾಮೆರಾ ಓಡುತ್ತಿರುತ್ತದೆ. ರಾತ್ರಿ ನಾವು ನೋಡುವ ಸಂಚಿಕೆ ಅದರ ಒಂದು ಚೂರು. ಆ ಚೂರನ್ನು ಆರಿಸುವವರು ತೆರೆಯ ಹಿಂದೆ ಕೂತಿರುತ್ತಾರೆ. ಓಟು ನಮ್ಮದೇ, ಅದರಲ್ಲಿ ಸುಳ್ಳಿಲ್ಲ. ಆದರೆ ನಮಗೆ ತೋರಿಸಿದ್ದನ್ನು ನೋಡಿ ತಾನೇ ನಾವು ಓಟು ಹಾಕುವುದು?

ಹಾಡಿನ ಶೋ ಕೂಡ ಇದೇ ತರಹ. ಟಿವಿಯಲ್ಲಿ ಕಾಣುವ ದೊಡ್ಡ ಜಡ್ಜ್‌ಗಳ ಮುಂದೆ ನಿಲ್ಲುವ ಮೊದಲು ಮಗು ಬೇರೆಯವರ ಮುಂದೆ ಎರಡು ಮೂರು ಸುತ್ತು ಹಾಡಿರುತ್ತದೆ. ಆ ಸುತ್ತುಗಳಲ್ಲಿ ಕೂತವರು ಕೇಳುವುದು ಶ್ರುತಿ, ತಾಳ ಮಾತ್ರ ಅಲ್ಲ. ಈ ಮಗುವಿನಲ್ಲಿ ಏನು ಕಥೆ ಇದೆ ಅನ್ನುವುದನ್ನೂ ನೋಡುತ್ತಾರೆ. ವೇದಿಕೆಗೆ ಬರುವ ಮುಂಚೆ ಒಂದು ಸಣ್ಣ ವಿಡಿಯೋ ಹಾಕುತ್ತಾರಲ್ಲ, ಟಿವಿಯವರು ಅದನ್ನು ವಿ.ಟಿ. ಅನ್ನುತ್ತಾರೆ. ತಗಡಿನ ಮನೆ, ಒಲೆ ಊದುವ ತಾಯಿ, ಹಿಂದೆ ಕೊಳಲಿನ ದನಿ. ಅದರ ಸಲುವಾಗಿ ಈ ಹುಡುಕಾಟ.

ಇದನ್ನು ನಾನು ಕೇಳಿ ಹೇಳುತ್ತಿಲ್ಲ, ಕಣ್ಣಾರೆ ಕಂಡು ಹೇಳುತ್ತಿದ್ದೇನೆ. ಕೆಲವು ವರ್ಷಗಳ ಹಿಂದೆ ನನ್ನ ತಂಗಿಯ ಮಗನನ್ನು ಇಲ್ಲೇ ಬಳ್ಳಾರಿಯಲ್ಲಿ ಒಂದು ಆಡಿಷನ್‌ಗೆ ಕರೆದುಕೊಂಡು ಹೋಗಿದ್ದೆ. ಬೆಳಿಗ್ಗೆ ಐದೂವರೆಗೆ ಸಾಲಿನಲ್ಲಿ ನಿಂತೆವು. ಬಳ್ಳಾರಿ ಬಿಸಿಲು ನಿಮಗೆ ಹೇಳಬೇಕಾಗಿಲ್ಲ. ಮಕ್ಕಳು ಗೋಡೆಯ ನೆರಳಿಗೆ ಅಂಟಿಕೊಂಡು ಕೂತಿದ್ದರು. ಮಧ್ಯಾಹ್ನ ಮೂರು ಗಂಟೆಗೆ ನಮ್ಮ ಹುಡುಗನ ಸರದಿ ಬಂತು. ಒಂದು ನಿಮಿಷ ಹಾಡಿದ. ಚೆನ್ನಾಗಿಯೇ ಹಾಡಿದ. ಆಮೇಲೆ ಫಾರಂ ಹಿಡಿದು ಕೂತಿದ್ದ ಹುಡುಗಿ ಕೇಳಿದಳು: "ಮನೇಲಿ ಏನಾದ್ರೂ ಪ್ರಾಬ್ಲಂ ಇದ್ಯಾ ಪುಟ್ಟಾ? ಅಪ್ಪಂಗೆ ಹುಷಾರಿಲ್ಲ, ಸಾಲ, ಆ ತರ?" ಅವನು ನನ್ನ ಮುಖ ನೋಡಿ, "ಇಲ್ಲ ಅಕ್ಕಾ, ನಮ್ಮಪ್ಪ ಆರಾಮಾಗಿದ್ದಾರೆ" ಅಂದ. ಅವನು ಆಯ್ಕೆ ಆಗಲಿಲ್ಲ. ಕಾರಣ ಏನೇ ಇರಬಹುದು, ಅವನಿಗಿಂತ ಚೆನ್ನಾಗಿ ಹಾಡುವವರು ಅಲ್ಲಿ ಖಂಡಿತ ಇದ್ದರು. ಆದರೆ ಆಟೋದಲ್ಲಿ ವಾಪಸ್ ಬರುವಾಗ ಅವನು ಕೇಳಿದ: "ಮಾಮಾ, ನಮ್ಮಪ್ಪಂಗೆ ಏನಾದ್ರೂ ಆಗಿದ್ದಿದ್ರೆ ತಗೋತಿದ್ರು ಅಲ್ವಾ?"

ಅವತ್ತಿನಿಂದ ನನಗೆ ಆ ಶೋಗಳನ್ನು ಮೊದಲಿನ ಹಾಗೆ ನೋಡಲು ಆಗಿಲ್ಲ.

ಹಾಗಾಗಿ ನಿಮ್ಮ ಮಗಳು ಕನ್ನಡಿ ಮುಂದೆ ಅಳುವುದನ್ನು ಕಲಿಯುತ್ತಿದ್ದಾಳೆ ಅಂದಾಗ ನನಗೆ ಆಶ್ಚರ್ಯ ಆಗಲಿಲ್ಲ, ಸಂಕಟ ಆಯಿತು. ಅವಳು ಜಾಣೆ. ಪ್ರತಿ ವಾರ ನೋಡಿ ನೋಡಿ ಆ ಶೋದ ಲೆಕ್ಕವನ್ನು ಹಿಡಿದಿದ್ದಾಳೆ. ನಮ್ಮ ಕಡೆಯ ಮಕ್ಕಳಿಗೆ ಈ ಲೆಕ್ಕ ಇನ್ನೂ ಭಾರ. ರಾಯಚೂರು, ಕೊಪ್ಪಳ ಅಂದ ಕೂಡಲೇ 'ಹಿಂದುಳಿದ ಜಿಲ್ಲೆ' ಅನ್ನುವ ಹಣೆಪಟ್ಟಿ ಮೊದಲು ಬರುತ್ತದೆ, ಮಗುವಿನ ದನಿ ಆಮೇಲೆ. ನಮ್ಮ ಮಾತನ್ನು ಕೇಳಿ ನಗುವವರೂ ಇರುತ್ತಾರೆ. ಬಡತನ ನಿಜ ಇರಬಹುದು. ಅದನ್ನು ಹೇಳಿಕೊಳ್ಳುವುದರಲ್ಲಿ ನಾಚಿಕೆಯೂ ಇಲ್ಲ. ಆದರೆ ಹನ್ನೊಂದು ವರ್ಷದ ಹುಡುಗಿ ತನ್ನ ಮನೆಯನ್ನು ಕರುಣೆಯ ಸರಕಾಗಿ ನೋಡಲು ಕಲಿತರೆ, ಆ ಕಣ್ಣು ಆಮೇಲೆ ಬದಲಾಗುವುದು ಕಷ್ಟ. ಇದಕ್ಕಾಗಿಯೇ ನಾನು ಇಷ್ಟುದ್ದ ಬರೆಯುತ್ತಿರುವುದು.

ಎಲ್ಲಾ ಶೋಗಳೂ ಹೀಗೆ ಅಂತ ನಾನು ಹೇಳುವುದಿಲ್ಲ. ಎಸ್.ಪಿ. ಬಾಲಸುಬ್ರಹ್ಮಣ್ಯಂ ನಡೆಸುತ್ತಿದ್ದ 'ಎದೆ ತುಂಬಿ ಹಾಡುವೆನು' ನೆನಪಿದೆಯಾ? ನಿಮ್ಮ ಕಡೆ ತೆಲುಗು ರೈತರು ನೆಲೆಸಿದ ಕ್ಯಾಂಪ್‌ಗಳಲ್ಲಿ, ನಮ್ಮ ಬಳ್ಳಾರಿಯಲ್ಲಿ, ಇದನ್ನೂ ನೋಡಿ ತೆಲುಗಿನ 'ಪಾಡುತಾ ತೀಯಗಾ'ವನ್ನೂ ನೋಡುವ ಮನೆಗಳು ಎಷ್ಟೋ ಇದ್ದವು. ಮಗು ಒಂದು ಅಕ್ಷರ ತಪ್ಪು ಉಚ್ಚರಿಸಿದರೆ ಅವರು ತಾವೇ ಹಾಡಿ ತೋರಿಸುತ್ತಿದ್ದರು. ಆ ಹಾಡು ಹುಟ್ಟಿದ ಕಥೆ ಹೇಳುತ್ತಿದ್ದರು. ಸೋತ ಮಗುವೂ ಏನೋ ಒಂದನ್ನು ಕಲಿತು ಇಳಿಯುತ್ತಿತ್ತು. 2020ರ ಸೆಪ್ಟೆಂಬರ್ 25ರಂದು ಅವರು ಹೋದಾಗ ನಮ್ಮ ಬೀದಿಯಲ್ಲಿ ಎರಡು ಭಾಷೆಯವರೂ ಒಟ್ಟಿಗೆ ಅತ್ತರು.

ಚಂದನದಲ್ಲಿ 2002ರಲ್ಲಿ ಶುರುವಾದ 'ಥಟ್ ಅಂತ ಹೇಳಿ' ಇನ್ನೊಂದು. ಡಾ. ನಾ. ಸೋಮೇಶ್ವರ ಪ್ರಶ್ನೆ ಕೇಳುತ್ತಾರೆ, ಸರಿ ಉತ್ತರಕ್ಕೆ ಪುಸ್ತಕ ಕೊಡುತ್ತಾರೆ. ಕೋಟಿ ಇಲ್ಲ, ಕಾರಿಲ್ಲ, ಎದೆ ಬಡಿತದ ಸದ್ದಿಲ್ಲ. ಸಾವಿರಾರು ಸಂಚಿಕೆ ಆಗಿವೆ. ಸ್ಪರ್ಧಿಯ ಮನೆಯ ಕಷ್ಟವನ್ನು ಕೆದಕದೆಯೂ ಜನರನ್ನು ಟಿವಿ ಮುಂದೆ ಕೂರಿಸಬಹುದು ಅನ್ನುವುದಕ್ಕೆ ನನ್ನ ಹತ್ತಿರ ಇದಕ್ಕಿಂತ ಒಳ್ಳೆಯ ಸಾಕ್ಷಿ ಇಲ್ಲ.

"ಹನುಮಂತ ಗೆಲ್ಲಲಿಲ್ಲವಾ?" ಅಂತ ನೀವು ಕೇಳಬಹುದು. ಗೆದ್ದ. ಹಾವೇರಿ ಜಿಲ್ಲೆಯ ಹಳ್ಳಿಯಲ್ಲಿ ಕುರಿ ಕಾಯುತ್ತಾ ಹಾಡು ಕಲಿತ ಹುಡುಗ 'ಸರಿಗಮಪ'ದಲ್ಲಿ ರನ್ನರ್‌ಅಪ್ ಆದ. 2025ರ ಜನವರಿಯಲ್ಲಿ ಬಿಗ್ ಬಾಸ್ 11ನೇ ಸೀಸನ್ ಗೆದ್ದು 50 ಲಕ್ಷ ಬಹುಮಾನ ಪಡೆದ. ಅವನ ಗೆಲುವಿಗೆ ನಾನೂ ಕುಣಿದಿದ್ದೇನೆ. ನನಗೆ ಹಿಡಿಸಿದ್ದು ಅವನು ತನ್ನ ಮಾತನ್ನೂ ಲುಂಗಿಯನ್ನೂ ಬಿಡಲಿಲ್ಲ ಅನ್ನುವುದು. ಆದರೆ ಒಂದು ಮಾತು. ಅವನು ವೇದಿಕೆ ಹತ್ತುವಾಗ ಬೆಳೆದ ಯುವಕ. ನಿಮ್ಮ ಮಗಳು ಇನ್ನೂ ಮಗು.

ಮಕ್ಕಳ ವಿಷಯದಲ್ಲಿ ಕಾನೂನು ಏನು ಹೇಳುತ್ತದೆ ಅನ್ನುವುದು ಬಹಳ ತಂದೆತಾಯಿಗೆ ಗೊತ್ತಿಲ್ಲ. ಬಾಲಕಾರ್ಮಿಕ ಕಾಯ್ದೆಗೆ 2017ರಲ್ಲಿ ಬಂದ ನಿಯಮಗಳಲ್ಲಿ ಟಿವಿಯಲ್ಲಿ ಹಾಡುವ, ನಟಿಸುವ 14 ವರ್ಷದೊಳಗಿನ ಮಕ್ಕಳ ಬಗ್ಗೆ ಸ್ಪಷ್ಟವಾಗಿ ಬರೆದಿದೆ. ದಿನಕ್ಕೆ 5 ಗಂಟೆಗಿಂತ ಜಾಸ್ತಿ ದುಡಿಸುವಂತಿಲ್ಲ, ವಿಶ್ರಾಂತಿ ಕೊಡದೆ 3 ಗಂಟೆ ದಾಟುವಂತಿಲ್ಲ. ಸತತ 27 ದಿನಕ್ಕಿಂತ ಹೆಚ್ಚು ಕರೆಯುವಂತಿಲ್ಲ. ಕಾರ್ಯಕ್ರಮ ಮಾಡುವವರು ಜಿಲ್ಲಾ ಮ್ಯಾಜಿಸ್ಟ್ರೇಟರ ಅನುಮತಿ ಪಡೆದಿರಬೇಕು. ಐದು ಮಕ್ಕಳಿಗೆ ಒಬ್ಬರಂತೆ ನೋಡಿಕೊಳ್ಳುವವರು ಇರಬೇಕು. ಓದು ನಿಲ್ಲಬಾರದು. ಮಗುವಿಗೆ ಬರುವ ಹಣದಲ್ಲಿ ಕನಿಷ್ಠ ಶೇ 20ರಷ್ಟನ್ನು ರಾಷ್ಟ್ರೀಕೃತ ಬ್ಯಾಂಕಿನಲ್ಲಿ ಅವಳ ಹೆಸರಿಗೆ ಠೇವಣಿ ಇಡಬೇಕು. ಮಗುವಿಗೆ ಇಷ್ಟ ಇಲ್ಲದಿದ್ದರೆ ಯಾರೂ ಬಲವಂತ ಮಾಡುವಂತಿಲ್ಲ, ನೀವೂ ಕೂಡ. ಈ ಕೊನೆಯದ್ದು ನನಗೆ ಎಲ್ಲಕ್ಕಿಂತ ಮುಖ್ಯ.

ಬಹುಮಾನದ ದುಡ್ಡಿನ ಬಗ್ಗೆ ಊರವರು ದೊಡ್ಡದಾಗಿ ಮಾತಾಡುತ್ತಾರೆ. ಇಂಥ ಸ್ಪರ್ಧೆಯಲ್ಲಿ ಗೆದ್ದ ಹಣಕ್ಕೆ ಶೇ 30ರ ತೆರಿಗೆ ಇದೆ. 10 ಲಕ್ಷ ಅಂದರೆ 3 ಲಕ್ಷ ಮೊದಲೇ ಮುರಿದುಕೊಂಡು ಕೊಡುತ್ತಾರೆ. ಅದಕ್ಕಿಂತ ಮುಂಚಿನ ಖರ್ಚು ನಿಮ್ಮದು. ಸಿಂಧನೂರಿನಿಂದ ಬೆಂಗಳೂರಿಗೆ ರಾತ್ರಿ ಬಸ್ಸು, ಅಲ್ಲಿ ಉಳಿಯುವುದು, ನಾಟಿಯ ಹೊತ್ತಿನಲ್ಲಿ ನಿಮ್ಮಲ್ಲೊಬ್ಬರು ಊರಲ್ಲಿ ಇಲ್ಲದಿರುವುದು. ಯಾವುದು ಯಾರ ಖರ್ಚು ಅನ್ನುವುದನ್ನು ಬರಹದಲ್ಲಿ ಕೇಳಿ. ಒಪ್ಪಂದದ ಕಾಗದ ಕೊಟ್ಟರೆ ಅಲ್ಲೇ ಸಹಿ ಹಾಕಬೇಡಿ. ಮನೆಗೆ ತಂದು, ಊರಿನ ಮೇಷ್ಟ್ರಿಗೋ ಗೊತ್ತಿರುವ ವಕೀಲರಿಗೋ ಓದಿಸಿ. ನಿಮ್ಮ ಮನೆಯಲ್ಲಿ ಏನು ಚಿತ್ರಿಸುತ್ತಾರೆ ಅಂತಲೂ ಮೊದಲೇ ಕೇಳಿ. ಬೇಡ ಅನ್ನಿಸಿದ್ದಕ್ಕೆ ಬೇಡ ಅನ್ನಿ.

ಇನ್ನೊಂದು ವಿಷಯ, ನಿಮ್ಮ ಯಜಮಾನರು "ನಮ್ಮಂಥವರಿಗಲ್ಲ" ಅಂದರಲ್ಲ, ಅದಕ್ಕೆ. ಸ್ಪರ್ಧೆ ನಮ್ಮವರಿಗೆ ಟಿವಿ ಕಲಿಸಿದ್ದಲ್ಲ. ಹರದೇಶಿ, ನಾಗೇಶಿ ಮೇಳದವರು ಎದುರು ಬದುರು ನಿಂತು ಪದದಲ್ಲೇ ಪ್ರಶ್ನೆ ಕೇಳಿ ಪದದಲ್ಲೇ ಉತ್ತರ ಕೊಡುತ್ತಾ ಬೆಳಗು ಮಾಡುತ್ತಿದ್ದರು. ಬಯಲಾಟದಲ್ಲಿ ಪಾತ್ರಧಾರಿ ಚೆನ್ನಾಗಿ ಹಾಡಿದರೆ ಜನ ರಂಗ ಹತ್ತಿ ಆಯೇರಿ, ಅಂದರೆ ಮೆಚ್ಚುಗೆಯ ಕಾಣಿಕೆ, ಮಾಡಿ ಹೋಗುತ್ತಿದ್ದರು. ಓಟು ಹಾಕಿದವನ ಮುಖ ಹಾಡಿದವನಿಗೆ ಕಾಣುತ್ತಿತ್ತು. ಸಂಡೂರು ಕಡೆಯ ದರೋಜಿಯ ಬುರ್ರಕಥಾ ಈರಮ್ಮ ಅಕ್ಷರ ಕಲಿತವರಲ್ಲ. ನೆನಪಿನಿಂದಲೇ ರಾತ್ರಿಗಟ್ಟಲೆ ಹಾಡುತ್ತಿದ್ದರು. ಹಂಪಿಯ ಕನ್ನಡ ವಿಶ್ವವಿದ್ಯಾಲಯ ಅವರಿಗೆ ನಾಡೋಜ ಗೌರವ ಕೊಟ್ಟಿತು. ನಿಮ್ಮದೇ ಜಿಲ್ಲೆಯ ಜಂಬಲದಿನ್ನಿಯಲ್ಲಿ ಹುಟ್ಟಿದ ಸಿದ್ದರಾಮ ಜಂಬಲದಿನ್ನಿ ದೊಡ್ಡ ಹಿಂದೂಸ್ತಾನಿ ಗಾಯಕರಾದರು. ರಾಯಚೂರಿನ ರಂಗಮಂದಿರಕ್ಕೆ ಅವರ ಹೆಸರಿದೆ. ಮುಂದಿನ ಸಲ ರಾಯಚೂರಿಗೆ ಹೋದಾಗ ಮಗಳಿಗೆ ಆ ಹೆಸರಿನ ಬೋರ್ಡ್ ತೋರಿಸಿ.

ಕಳಿಸಬೇಕೇ ಅಂದರೆ, ಈ ವರ್ಷ ಬೇಡ ಅನ್ನುತ್ತೇನೆ. ಅವಳು ಈಗ ಕಲಿಯುತ್ತಿರುವ ಸಂಗೀತ ಇನ್ನೆರಡು ವರ್ಷ ಗಟ್ಟಿಯಾಗಲಿ. ಇಲ್ಲ, ಅವಳೇ ಹಟ ಹಿಡಿದಿದ್ದರೆ ಆಡಿಷನ್‌ಗೆ ಮಾತ್ರ ಹೋಗಿ ಬನ್ನಿ. ಆದರೆ ಹೊರಡುವ ಮೊದಲು ಆ ಕನ್ನಡಿಯ ಮುಂದೆ ನೀವೂ ಅವಳ ಪಕ್ಕ ನಿಲ್ಲಿ. ಮನೆ ಬಗ್ಗೆ ಕೇಳಿದರೆ ಏನು ಹೇಳುತ್ತೀಯ ಅಂತ ಕೇಳಿ. "ನಮ್ಮಪ್ಪ ಭತ್ತ ಬೆಳೀತಾರೆ. ನಮ್ಮಜ್ಜಿ ಸೋಬಾನೆ ಪದ ಹಾಡ್ತಾರೆ. ನನಗೂ ಕಲಿಸಿದ್ದಾರೆ." ಇಷ್ಟು ಸಾಕು, ಇದು ನಿಜವೂ ಹೌದು. ಅಜ್ಜಿಯ ವಿಷಯ ನೀವೇ ಬರೆದಿದ್ದೀರಿ.

ಹಾಡು ಕೂಡ ಅದೇ ಇರಲಿ. ಸಿನಿಮಾ ಹಾಡನ್ನು ಅವತ್ತು ಅಲ್ಲಿ ಬಂದವರೆಲ್ಲ ಹಾಡುತ್ತಾರೆ, ಮೂಲ ಗಾಯಕಿಯ ಜೊತೆ ಹೋಲಿಸುತ್ತಾರೆ. ಅಜ್ಜಿಯ ಪದಕ್ಕೆ ಹೋಲಿಕೆ ಇಲ್ಲ. ಸಿಗುವುದು ಒಂದೇ ನಿಮಿಷ, ಆದ್ದರಿಂದ ಆಲಾಪ ಮಾಡುತ್ತಾ ಕೂರದೆ ನೇರ ಪಲ್ಲವಿಯಿಂದ ಎತ್ತಿಕೊಳ್ಳಲಿ. ಅವಳಿಗೆ ಆರಾಮಾಗುವ ಶ್ರುತಿ ಯಾವುದು ಅಂತ ಮೇಷ್ಟ್ರ ಹತ್ತಿರ ಮೊದಲೇ ನೋಡಿ, ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ಸಾಲಿನಲ್ಲಿ ನಿಂತಾಗ ಐಸ್ ಕ್ರೀಂ ಕೊಡಿಸಬೇಡಿ. ಬಿಸಿನೀರು, ಒಂದು ಛತ್ರಿ, ಎರಡು ಹೊತ್ತಿನ ಬುತ್ತಿ ಮರೆಯದೆ ಇಟ್ಟುಕೊಳ್ಳಿ.