ವಾಚಿಗೆ ಹೊಟ್ಟೆನೋವು ಗೊತ್ತಾಗುತ್ತಾ?

ಪ್ರಶ್ನೆ: ನನಗೆ 27 ವರ್ಷ. ತುಮಕೂರಿನಿಂದ ದಿನಾ ರೈಲಿನಲ್ಲಿ ಬೆಂಗಳೂರಿಗೆ ಕೆಲಸಕ್ಕೆ ಹೋಗಿಬರುತ್ತೇನೆ. ಮುಟ್ಟಿನ ಮೊದಲೆರಡು ದಿನ ನಿಲ್ಲೋಕೂ ಆಗದಷ್ಟು ಹೊಟ್ಟೆನೋವು, ಸೊಂಟನೋವು. ಎಂಡೊಮೆಟ್ರಿಯೋಸಿಸ್ ಇರಬಹುದು ಅಂತ ಡಾಕ್ಟರ್ ಹೇಳಿದ್ದಾರೆ, ಸ್ಕ್ಯಾನಿಂಗ್ ಮಾತ್ರ ನಾರ್ಮಲ್. ಅತ್ತೆ "ಎಲ್ಲರಿಗೂ ಇರೋದೇ, ಒಂದು ಮಗು ಆದ್ರೆ ಸರಿಹೋಗುತ್ತೆ" ಅಂತಾರೆ. ಯಜಮಾನರು ಸ್ಮಾರ್ಟ್‌ವಾಚ್ ಕೊಡಿಸಿದ್ದಾರೆ. ಅದರಲ್ಲಿ ಈ ಕಾಯಿಲೆ ಗೊತ್ತಾಗುತ್ತಾ? ನೋವು ತಿಂದ ದಿನವೇ ಅದು "9 ಸಾವಿರ ಹೆಜ್ಜೆ, ಶಭಾಷ್" ಅಂತು!
– ಹೆಸರು ಬೇಡ, ತುಮಕೂರು

ಉತ್ತರ: ಆ ಶಭಾಷ್‌ನಲ್ಲೇ ಉತ್ತರ ಇದೆ ನೋಡಿ. ವಾಚಿಗೆ ನೋವು ಗೊತ್ತಾಗುವುದಿಲ್ಲ. ರಜೆ ಸಿಗದೆ ಹಲ್ಲು ಕಚ್ಚಿಕೊಂಡು ನಡೆದ ಹೆಜ್ಜೆಯೂ ಅದಕ್ಕೆ ಹೆಜ್ಜೆಯೇ. ರಾತ್ರಿ ಬಿಸಿನೀರಿನ ಬ್ಯಾಗ್ ಹೊಟ್ಟೆಗೆ ಒತ್ತಿಕೊಂಡು ಮುದುಡಿ ಮಲಗಿ, ಕಣ್ಣು ಬಿಟ್ಟುಕೊಂಡು ಫ್ಯಾನ್ ನೋಡುತ್ತಿದ್ದರೂ, ಕದಲಲಿಲ್ಲ ಅಂತ ಅದು ನಿದ್ದೆ ಲೆಕ್ಕ ಹಾಕಿಬಿಡಬಹುದು.

ಗರ್ಭಕೋಶದ ಒಳಪದರದಂಥದ್ದೇ ಅಂಗಾಂಶ ಹೊರಗಡೆ, ಅಂಡಾಶಯದ ಮೇಲೋ ಕರುಳಿನ ಹತ್ತಿರವೋ ಬೆಳೆಯುವುದೇ ಈ ಕಾಯಿಲೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಹೆರುವ ವಯಸ್ಸಿನ ಹೆಂಗಸರಲ್ಲಿ ಸುಮಾರು 10ರಲ್ಲಿ ಒಬ್ಬರಿಗೆ ಇದು ಇದೆ. ಸ್ಕ್ಯಾನಿಂಗ್ ನಾರ್ಮಲ್ ಬಂತು ಅಂದರೆ ಕಾಯಿಲೆ ಇಲ್ಲವೇ ಇಲ್ಲ ಅಂತ ಅಲ್ಲ, ಈ ಅಂಗಾಂಶದ ಸಣ್ಣ ಕಲೆಗಳು ಅದರಲ್ಲಿ ಕಾಣದೆ ಹೋಗಬಹುದು. ಅತ್ತೆಯವರ ಔಷಧಿಯೂ ಬೇಡ: ಬಸಿರಲ್ಲಿ ಕೆಲವರಿಗೆ ನೋವು ತಗ್ಗಬಹುದು, ಆದರೆ ಮಗು ಆಗುವುದು ಚಿಕಿತ್ಸೆ ಅಲ್ಲ.

ಹಾಗಂತ ವಾಚನ್ನು ಡ್ರಾಯರ್‌ಗೆ ಹಾಕಬೇಡಿ. ಡಾಕ್ಟರ್ "ನೋವು ಎಷ್ಟು ದಿನದಿಂದ, ಎಷ್ಟು ಹೊತ್ತು?" ಅಂತ ಕೇಳಿದಾಗ ನಮಗೆ ನೆನಪಿರುವುದು ಹೋದ ಸಲದ್ದು ಮಾತ್ರ, ಅಲ್ವಾ? ಅದಕ್ಕೇ ದಿನಾ ಮಲಗುವ ಮುಂಚೆ ಆ್ಯಪ್‌ನಲ್ಲೋ, ಗೋಡೆಯ ಕ್ಯಾಲೆಂಡರ್‌ನಲ್ಲೋ ನೀವೇ ಬರೆಯಿರಿ: ನೋವಿಗೆ 10ಕ್ಕೆ ಎಷ್ಟು, ಎಲ್ಲಿ, ಎಷ್ಟು ಮಾತ್ರೆ ನುಂಗಿದಿರಿ, ಎಷ್ಟು ಪ್ಯಾಡ್ ಬದಲಿಸಿದಿರಿ, ಮೋಷನ್‌ಗೆ ಹೋಗುವಾಗ ನೋವಿತ್ತಾ, ಗಂಡನ ಜೊತೆ ಸೇರಿದಾಗ ನೋವಿತ್ತಾ. ಈ ಕೊನೆಯದನ್ನು ನಾಚಿಕೆಗೆ ಬಿಡುವವರೇ ಜಾಸ್ತಿ, ಡಾಕ್ಟರಿಗೆ ಅದೇ ಮುಖ್ಯ. ಮುಟ್ಟಿಲ್ಲದ ದಿನದ ನೋವನ್ನೂ ಬಿಡಬೇಡಿ. ಮೂರು ತಿಂಗಳಾದ ಮೇಲೆ ಇದರ ಪಕ್ಕಕ್ಕೆ ವಾಚಿನ ನಿದ್ದೆ, ನಾಡಿಬಡಿತ ಇಟ್ಟು ನೋಡಿ. 8 ಅಂತ ಬರೆದ ರಾತ್ರಿಗಳಲ್ಲೇ ನಾಡಿ ಜೋರಾಗಿತ್ತು, ನಾಲ್ಕು ಸಲ ಎಚ್ಚರವಾಗಿತ್ತು ಅಂತ ಕಂಡರೆ ಆ ಪುಟದ ಫೋಟೊ ತೋರಿಸಿ.

ಕೆಲವು ವಾಚು ರಾತ್ರಿ ಮೈಬಿಸಿಯನ್ನೂ ಅಳೆಯುತ್ತವೆ. ಅಂಡ ಬಿಡುಗಡೆಯಾದ ಮೇಲೆ ಮೈಬಿಸಿ ಅರ್ಧ ಡಿಗ್ರಿ ಸೆಲ್ಸಿಯಸ್‌ನೊಳಗೆ ಏರುತ್ತದೆ, ಅದರಿಂದ ತಿಂಗಳ ಲೆಕ್ಕ ಸಿಗುತ್ತದೆ, ಕಾಯಿಲೆಯ ಲೆಕ್ಕ ಅಲ್ಲ. ಹಾರ್ಮೋನ್ ಮಾತ್ರೆ ಶುರುವಾದರೆ ಅದೂ ಸಿಗದೆ ಹೋಗಬಹುದು. ಚಾರ್ಜಿಗೆ ರಾತ್ರಿ ಹಾಕಬೇಡಿ, ಸ್ನಾನಕ್ಕೆ ಹೋದಾಗ ಹಾಕಿ.

ಇನ್ನೊಂದು ಮಾತು. ವಾಚು ಯಾರ ಫೋನಿಗೆ ಜೋಡಿಸಿದೆ? ಯಜಮಾನರದ್ದಕ್ಕೆ ಆಗಿದ್ದರೆ ವಾಚಿನ ಲೆಕ್ಕವೆಲ್ಲ ಅವರ ಫೋನಿಗೇ ಹೋಗುತ್ತದೆ, ಮೊದಲು ನಿಮ್ಮ ಫೋನಿಗೆ ಬದಲಿಸಿ. ತಲೆಸುತ್ತಿ ಬೀಳುವಂತಾದರೆ, ಜ್ವರ ಬಂದರೆ, ತಡೆಯಲಾಗದ ನೋವು ಇದ್ದಕ್ಕಿದ್ದಂತೆ ಬಂದರೆ ವಾಚು ನೋಡುತ್ತಾ ಕೂರದೆ ನೇರ ಆಸ್ಪತ್ರೆಗೆ ಹೋಗಿ.