ದ್ವೀಪಕ್ಕೆ ಹೊರಟವರ ಬುತ್ತಿ: ನಿಮ್ಮ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಮಗ, ಸೊಸೆ ಕೆಲಸದ ಮೇಲೆ ಲಕ್ಷದ್ವೀಪದ ಮಿನಿಕಾಯ್‌ಗೆ ಹೊರಟಿದ್ದಾರೆ. ಮಳೆಗಾಲದಲ್ಲಿ ಹಡಗು ನೆಚ್ಚಿಕೊಳ್ಳುವಂತಿಲ್ಲವಂತೆ. ತುರ್ತಿಗೆಂದು ಒಂದು ಚೀಲ ಮಂಡಕ್ಕಿ, ಹತ್ತು ಕೆಜಿ ಶೇಂಗಾಬೀಜ, ರಾಗಿಹಿಟ್ಟು ಕಟ್ಟಿಟ್ಟಿದ್ದೇನೆ. ಸಾಕೇ?
– ಓದುಗರು, ಚಳ್ಳಕೆರೆ

ಉತ್ತರ: ಮಂಡಕ್ಕಿ ಮನೆಯಲ್ಲೇ ಇರಲಿ. ನಿಮ್ಮೂರ ಒಣಹವೆಯಲ್ಲಿ ಗರಿಗರಿ ಉಳಿಯುವುದು ಅಲ್ಲಿ ಚೀಲ ಬಿಚ್ಚಿದ ದಿನವೇ ಮೆತ್ತಗಾಗುತ್ತದೆ, ಜಾಗವೂ ದಂಡ. ಬದಲಿಗೆ ಗಟ್ಟಿ ಅವಲಕ್ಕಿ ಕೊಡಿ. ಒಲೆ ಹೊತ್ತಿಸಲಾಗದ ದಿನ ನೆನೆಸಿ ಬೆಲ್ಲ ಕಲಸಿದರೆ ಊಟವಾಯಿತು. ರಾಗಿಹಿಟ್ಟು ಬೇಗ ಕಮಟು ವಾಸನೆ ಹಿಡಿಯುತ್ತದೆ. ಹುರಿಹಿಟ್ಟು ಮಾಡಿ, ಅರ್ಧರ್ಧ ಕೆಜಿಯ ಪೊಟ್ಟಣ ಕಟ್ಟಿ.

ಶೇಂಗಾ ಬಿಡಿಸಬೇಡಿ, ಕಾಯಿಯಾಗಿಯೇ ಮೂರು ಕೆಜಿ ಸಾಕು. ಕಿವಿಯ ಬಳಿ ಅಲ್ಲಾಡಿಸಿದರೆ ಒಳಗೆ ಬೀಜ ಗಲಗಲ ಎನ್ನಬೇಕು. ಎನ್ನದಿದ್ದರೆ ಇನ್ನೂ ಒಣಗಬೇಕು. ಬೂಷ್ಟು ಕಂಡದ್ದನ್ನು ಹುರಿದು ತಿನ್ನೋಣ ಎನ್ನಬೇಡಿ. ಅದರಲ್ಲಿರಬಹುದಾದ ಅಫ್ಲಾಟಾಕ್ಸಿನ್ ವಿಷ ಹುರಿದರೂ ಪೂರ್ತಿ ಹೋಗುವುದಿಲ್ಲ.

ಅಲ್ಲಿಯೂ ಅಂಗಡಿ, ಪಡಿತರ ಇವೆ. ನಾಲ್ಕು ತಿಂಗಳ ದಿನಸಿ ಹೊತ್ತೊಯ್ಯಬೇಕಿಲ್ಲ. ಮುಟ್ಟದೆ ಇಡುವ 15 ದಿನದ ದಾಸ್ತಾನು ಇದ್ದರಾಯಿತು: ಇಬ್ಬರಿಗೆ ಅಕ್ಕಿ, ಅವಲಕ್ಕಿ ಸೇರಿ 11 ಕೆಜಿ, ಬೇಳೆಕಾಳು ಎರಡೂವರೆ ಕೆಜಿ, ಬೆಲ್ಲ ಒಂದು ಕೆಜಿ, ಎಣ್ಣೆ ಒಂದು ಲೀಟರ್, ಉಪ್ಪು ಅರ್ಧ ಕೆಜಿ. ಅಕ್ಕಿ ಅಲ್ಲೇ ಕೊಳ್ಳಲಿ.

ಹೆಚ್ಚಿನವರು ಎಡವುವುದು ತುಂಬುವಾಗ. ಬೇಳೆಕಾಳನ್ನು ಬಿಸಿಲಿಗೆ ಹರವಿ, ಪೂರ್ತಿ ಆರಿದ ಮೇಲೆ ಡಬ್ಬಿಗೆ ಹಾಕಿ. ಬಿಸಿಯಿರುವಾಗಲೇ ಮುಚ್ಚಿದರೆ ಮುಚ್ಚಳದ ಒಳಗೆ ಬೆವರು ಕಟ್ಟಿ, ಅಲ್ಲಿಂದಲೇ ಬೂಷ್ಟು ಶುರು. ಅಕ್ಕಿಯನ್ನು ಮಾತ್ರ ಬಿರುಬಿಸಿಲಿಗೆ ಒಡ್ಡಬೇಡಿ, ಬಿರುಕುಬಿಟ್ಟು ನುಚ್ಚಾಗುತ್ತದೆ. ರಬ್ಬರ್ ವಾಷರ್ ಇರುವ ಡಬ್ಬಿಯನ್ನು ಕಂಠದವರೆಗೂ ತುಂಬಿ. ಗಾಳಿ ಕಡಿಮೆಯಾದಷ್ಟು ಹುಳವೂ ಕಡಿಮೆ.

ಟಾರ್ಚಿನ ಸೆಲ್ ತೆಗೆದು ಬೇರೆ ಇಡಲಿ, ಉಪ್ಪುಗಾಳಿಗೆ ಸ್ಪ್ರಿಂಗ್ ತುಕ್ಕು ಹಿಡಿಯುತ್ತದೆ. ಸೆಲ್ಲಿನ ಸಣ್ಣ ರೇಡಿಯೊ ಒಂದಿರಲಿ. ಇನ್ನು, ದಾಸ್ತಾನು ಮಳೆಗಾಲಕ್ಕಷ್ಟೇ ಅಂದುಕೊಳ್ಳಬೇಡಿ: ಓಖಿ ಚಂಡಮಾರುತ ಮಿನಿಕಾಯ್‌ಗೆ ಬಡಿದದ್ದು 2017ರ ಡಿಸೆಂಬರ್ ಮೊದಲ ವಾರ.

ಪ್ರಶ್ನೆ: ದ್ವೀಪದಲ್ಲಿ ಬಾವಿಯಿದೆಯಲ್ಲ, ಕುಡಿಯುವ ನೀರನ್ನೂ ಕೂಡಿಡಬೇಕೆ? ಬ್ಲೀಚಿಂಗ್ ಪೌಡರ್ ಹಾಕಿದರೆ ಆಗದೆ?
– ಓದುಗರು, ದಾವಣಗೆರೆ

ಉತ್ತರ: ಕೂಡಿಡಲೇಬೇಕು. ಹವಳದ ದ್ವೀಪದ ಅಡಿಯಲ್ಲಿ ಸಿಹಿನೀರು ಉಪ್ಪುನೀರಿನ ಮೇಲೆ ತೆಳುವಾಗಿ ತೇಲುತ್ತಿರುತ್ತದೆ. ಪಂಪ್ ಜೋರಾಗಿ ಎಳೆದರೆ ಕೆಳಗಿನ ಉಪ್ಪುನೀರು ಮೇಲೇರುತ್ತದೆ. ಕಡಲು ಉಕ್ಕಿ ಬಾವಿಗೆ ನುಗ್ಗಿದರೆ ಮುಗಿಯಿತು. ಬ್ಲೀಚಿಂಗ್ ಪೌಡರ್ ರೋಗಾಣು ಕೊಲ್ಲುತ್ತದೆ, ಉಪ್ಪು ತೆಗೆಯುವುದಿಲ್ಲ. ಮಿನಿಕಾಯ್‌ನಲ್ಲಿ 2011ರಿಂದ ಕಡಲನೀರನ್ನು ಸಿಹಿ ಮಾಡುವ ಘಟಕವಿದೆ, ಆದರೆ ಅದೂ ಕರೆಂಟಿನ ಮೇಲೆ ನಿಂತದ್ದು.

ಕುಡಿಯಲು, ಬೇಯಿಸಲು ದಿನಕ್ಕೆ ತಲಾ 4 ಲೀಟರ್. ಇಬ್ಬರಿಗೆ ವಾರಕ್ಕೆ 56, ಅಂದರೆ 20 ಲೀಟರಿನ ಮೂರು ಕ್ಯಾನ್. ಬ್ಲೀಚಿಂಗ್ ಪೌಡರ್ ಲೆಕ್ಕ 1000 ಲೀಟರಿಗೆ ಎರಡೂವರೆ ಗ್ರಾಂ; ಒಂದು ಕ್ಯಾನಿಗೆ ಬೇಕಾದಷ್ಟು ಅಳೆಯುವುದು ಮನೆಯಲ್ಲಿ ಆಗದ ಮಾತು. ತೇವಕ್ಕೆ ಅದರ ಕ್ಲೋರಿನ್ ಶಕ್ತಿಯೂ ಕುಂದುತ್ತದೆ. ಕ್ಲೋರಿನ್ ಮಾತ್ರೆ ಒಯ್ಯಲಿ. ಒಂದಕ್ಕೆ ಎಷ್ಟು ಲೀಟರ್ ಎಂಬುದು ಪಟ್ಟಿಯ ಮೇಲೇ ಇರುತ್ತದೆ. ಕದಡಿದ ನೀರನ್ನು ಮೊದಲು ಬಟ್ಟೆಯಲ್ಲಿ ಸೋಸಬೇಕು.

ಪ್ರಶ್ನೆ: ಕರೆಂಟ್ ಹೋದರೆ ಇನ್ಸುಲಿನ್ ಅನ್ನು ಮಣ್ಣಿನ ಮಡಕೆಯಲ್ಲಿ ಇಡಬಹುದೇ?
– ಓದುಗರು, ಹಿರಿಯೂರು

ಉತ್ತರ: ಹಿರಿಯೂರಿನ ಬೇಸಿಗೆಯಲ್ಲಿ ಸರಿ. ಕಡಲ ನಡುವೆ ಗಾಳಿಯಲ್ಲೇ ತೇವ ತುಂಬಿರುವುದರಿಂದ ಮಡಕೆಯ ನೀರು ಆರುವುದು ನಿಧಾನ, ತಂಪೂ ಅಷ್ಟಕ್ಕಷ್ಟೆ. ಬಳಸುತ್ತಿರುವ ಸೀಸೆ ಸಾಮಾನ್ಯವಾಗಿ ನಾಲ್ಕು ವಾರ ಮನೆಯ ನೆರಳಲ್ಲೇ ಇರಬಲ್ಲದು. ಒಳಗಿನ ಚೀಟಿ ಓದಿಕೊಳ್ಳಿ. ತೆರೆಯದ ಸೀಸೆಗಳನ್ನು ಜನರೇಟರ್ ಇರುವ ಆಸ್ಪತ್ರೆಯ ಫ್ರಿಡ್ಜಿನಲ್ಲಿ ಇಡಲು ಮೊದಲೇ ಕೇಳಿಕೊಳ್ಳಲಿ. ಐಸಿಗೆ ತಾಗಿಸಬೇಡಿ, ಒಮ್ಮೆ ಹೆಪ್ಪುಗಟ್ಟಿದ ಇನ್ಸುಲಿನ್ ಕರಗಿದರೂ ಕೆಲಸಕ್ಕೆ ಬಾರದು.