ಯುದ್ಧದಲ್ಲಿ ಮಡಿದ ಊರಿನ ಹುಡುಗನಿಗೆ ಕಲ್ಲು ನಿಲ್ಲಿಸುವುದು ಹೇಗೆ?

ಮದ್ದೂರು ಕಡೆಯ ನಿಮ್ಮ ಹಳ್ಳಿಯಲ್ಲಿ, 1999ರ ಕಾರ್ಗಿಲ್ ಯುದ್ಧದಲ್ಲಿ ಮಡಿದ ಹುಡುಗನ ಹೆಸರಿಗೊಂದು ಕಲ್ಲು ನಿಲ್ಲಿಸಬೇಕು, ಏನು ಬರೆಸೋಣ, ಎಂಥ ಕಲ್ಲು ತರೋಣ ಎಂದು ಕೇಳಿದ್ದೀರಿ.

ಕಲ್ಲು ಆಮೇಲೆ. ಮೊದಲು ಅವನ ತಾಯಿ, ಒಡಹುಟ್ಟಿದವರು, ಜೊತೆಗೆ ಓದಿದವರ ಹತ್ತಿರ ಕೂತು ಬರೆದುಕೊಳ್ಳಿ. ವೀರ, ಧೀರ, ಅಮರ ಎಂಬ ಮಾತುಗಳನ್ನು ಯಾರ ಕಲ್ಲಿಗಾದರೂ ಹಾಕಬಹುದು. ಯಾವ ಶಾಲೆಯಲ್ಲಿ ಓದಿದ, ಸೇನೆಗೆ ಸೇರುವ ಮುಂಚೆ ಆಲೆಮನೆಯಲ್ಲಿ ದುಡಿದನೋ, ಕಬಡ್ಡಿ ಆಡುತ್ತಿದ್ದನೋ, ಇವು ಅವನೊಬ್ಬನವೇ. ಇಂಥದ್ದು ಎರಡು ಸಾಲು ಸಾಕು. ತಂದೆಯ ಹೆಸರಿನ ಜೊತೆ ತಾಯಿಯ ಹೆಸರೂ ಇರಲಿ.

ತಪ್ಪು ಹೆಚ್ಚಾಗಿ ಆಗುವುದು ತಾರೀಖಿನಲ್ಲಿ. ಊರಿನ ನೆನಪಲ್ಲಿ ಉಳಿಯುವುದು ಶವ ಬಂದ ದಿನ, ಮನೆಯವರು ಎಡೆ ಇಡುವುದು ತಿಥಿ ನೋಡಿ. ಮಡಿದ ದಿನ ಎರಡೂ ಅಲ್ಲದಿರಬಹುದು. ಪಿಂಚಣಿ ಆದೇಶ ಮತ್ತು ರೆಕಾರ್ಡ್ ಆಫೀಸಿನ (ಸೈನಿಕರ ಸೇವಾ ದಾಖಲೆ ಇಡುವ ಸೇನಾ ಕಚೇರಿ) ಪತ್ರ ನೋಡಿ. ಅವು ಕಳೆದಿದ್ದರೆ ಸೇವಾ ಸಂಖ್ಯೆ ಹಾಕಿ ಅವನ ದಳದ ರೆಕಾರ್ಡ್ ಆಫೀಸಿಗೆ ಮನೆಯವರೇ ಬರೆಯಬೇಕು: ಮದ್ರಾಸ್ ರೆಜಿಮೆಂಟಾದರೆ ವೆಲಿಂಗ್ಟನ್, ಮರಾಠಾ ಲೈಟ್ ಇನ್‌ಫೆಂಟ್ರಿಯಾದರೆ ಬೆಳಗಾವಿ, ಫಿರಂಗಿ ದಳವಾದರೆ ನಾಸಿಕ್ ರೋಡ್. ಕಾರ್ಯಾಚರಣೆಯ ಹೆಸರನ್ನೂ ಖಚಿತಪಡಿಸಿಕೊಳ್ಳಿ. ಕಾರ್ಗಿಲ್ ಅಂದರೆ ಆಪರೇಷನ್ ವಿಜಯ್. ಸಿಯಾಚಿನ್ ಆದರೆ ಮೇಘದೂತ್. ರ‍್ಯಾಂಕ್ ‘ನಾಯಕ್’ ಇದ್ದರೆ ಅರ್ಧಾಕ್ಷರ ಬಿಡಬೇಡಿ, ‘ನಾಯಕ’ ಅಂತಾದರೆ ನಮ್ಮ ಕಡೆ ಅದನ್ನು ಜಾತಿ ಎಂದು ಓದುತ್ತಾರೆ.

ದೆಹಲಿಯ ರಾಷ್ಟ್ರೀಯ ಯುದ್ಧ ಸ್ಮಾರಕದ (2019ರ ಫೆಬ್ರವರಿ 25ರಂದು ಉದ್ಘಾಟನೆಯಾಯಿತು) ತ್ಯಾಗ ಚಕ್ರದಲ್ಲಿ ಒಬ್ಬೊಬ್ಬರ ಹೆಸರಿಗೂ ಒಂದು ಗ್ರಾನೈಟ್ ಇಟ್ಟಿಗೆಯಿದೆ. ಅದರ ಜಾಲತಾಣದಲ್ಲಿ ಹುಡುಕಿ. ನಮ್ಮ ಹೆಸರುಗಳ ಇಂಗ್ಲಿಷ್ ಕಾಗುಣಿತ ಸೇನಾ ದಾಖಲೆಯಲ್ಲಿ ಬದಲಾಗಿರುತ್ತದೆ, ನಾಲ್ಕೈದು ರೀತಿ ಹಾಕಿ ನೋಡಿ.

ಅಕ್ಷರಕ್ಕೆ ಪಾಲಿಶ್ ಮಾಡಿದ ಕರಿ ಗ್ರಾನೈಟ್ ಒಳ್ಳೆಯದು. ಹಳೆಯ ವೀರಗಲ್ಲಿನಂತೆ ಶಿಲ್ಪವೂ ಬೇಕೆಂದರೆ ಕೃಷ್ಣಶಿಲೆ. ಅದು ಉಳಿಗೆ ಬಗ್ಗುತ್ತದೆ. ಆದರೆ ಕೆಳಗೆ ಕಾಳಗ, ನಡುವೆ ಅಪ್ಸರೆಯರು, ಮೇಲೆ ಲಿಂಗ ಎಂಬ ಮೂರು ಹಂತವನ್ನು ಮನೆಯವರನ್ನು ಕೇಳದೆ ಕೆತ್ತಿಸಬೇಡಿ. ಮುಖ್ಯ ಅಕ್ಷರ ಒಂದು ಇಂಚಿಗಿಂತ ಚಿಕ್ಕದಾದರೆ ಒತ್ತಿನ ಸುಳಿಗಳು ಸಿಡಿದುಹೋಗುತ್ತವೆ. ಕೊರೆತದ ಆಳ 3 ಮಿ.ಮೀ. ಇರಲಿ. ವಾಟ್ಸ್‌ಆ್ಯಪಿನಲ್ಲಿ ಕಳಿಸುವುದು ಯೂನಿಕೋಡ್, ಅಂದರೆ ಈಗಿನ ಫೋನುಗಳ ಅಕ್ಷರ ಸಂಕೇತ. ಸ್ಟೆನ್ಸಿಲ್ ಅಂಗಡಿಯ ಗಣಕದಲ್ಲಿ ಹಳೆಯ ನುಡಿ ಫಾಂಟಿದ್ದರೆ ಒತ್ತಕ್ಷರ ಚದುರುತ್ತದೆ, ಅರ್ಕಾವತ್ತು ಜಾಗ ಬಿಡುತ್ತದೆ. ಕಲ್ಲಿನ ಅಳತೆಯಲ್ಲೇ ಕಾಗದದ ಮೇಲೆ ತೆಗೆಸಿ, ಇಬ್ಬರು ಅಕ್ಷರ ಅಕ್ಷರ ಓದಿ ಒಪ್ಪಿದ ಮೇಲೆಯೇ ಕೊರೆಯಲು ಹೇಳಿ. ಉದ್ಘಾಟಿಸುವವರ ಹೆಸರೆಲ್ಲ ಹಿಂಬದಿಗೆ. ಹುಡುಗನ ಹೆಸರಿಗಿಂತ ಶಾಸಕರ ಹೆಸರು ದಪ್ಪಗಿರುವ ಕಲ್ಲುಗಳು ಬೇಕಾದಷ್ಟಿವೆ.

6 ಅಡಿ ಎತ್ತರ, 2 ಅಡಿ ಅಗಲ, 4 ಇಂಚು ದಪ್ಪದ ಗ್ರಾನೈಟ್ ಸುಮಾರು 320 ಕೆ.ಜಿ. ತೂಗುತ್ತದೆ. ನಾಲೆ ಬಯಲಿನ ನೆಲ ನೀರು ಬಿಟ್ಟಾಗ ಮೆತ್ತಗಾಗಿ ಕಲ್ಲು ವಾಲುತ್ತದೆ. ಗಟ್ಟಿ ನೆಲ ಸಿಗುವವರೆಗೆ, ಕಡಿಮೆಯೆಂದರೂ 2 ಅಡಿ ತೆಗೆದು, 1:4:8 (ಸಿಮೆಂಟ್, ಮರಳು, ಜಲ್ಲಿಯ ಪ್ರಮಾಣ) ಕಾಂಕ್ರೀಟ್ 6 ಇಂಚು ಹಾಕಿ. ಕಲ್ಲಿನ ಬುಡ ಒಂದೂವರೆ ಅಡಿ 1:2:4ರಲ್ಲಿ ಕೂರಲಿ. ಒಂದು ವಾರ ನೀರುಣಿಸಿ, ಅಲ್ಲಿಯವರೆಗೆ ಆನಿಕೆ ತೆಗೆಯಬೇಡಿ.

ಜಾಗ ರಸ್ತೆ ಬದಿಯಲ್ಲಿ ಬೇಡ. ಸಾರ್ವಜನಿಕ ರಸ್ತೆ, ಪಾದಚಾರಿ ಮಾರ್ಗಗಳಲ್ಲಿ ಪ್ರತಿಮೆ, ಕಟ್ಟಡಗಳಿಗೆ ಅನುಮತಿ ಕೊಡಕೂಡದೆಂದು ಸುಪ್ರೀಂ ಕೋರ್ಟ್ 2013ರ ಜನವರಿಯಲ್ಲಿ ಆದೇಶಿಸಿದೆ. ಗ್ರಾಮ ಪಂಚಾಯಿತಿಯ ಸ್ವಂತ ಜಾಗ ಹಿಡಿದು ಠರಾವು ಮಾಡಿಸಿ, ಉಸ್ತುವಾರಿ ಯಾರದೆಂದೂ ಅದರಲ್ಲೇ ಬರೆಸಿ. ನಿಮ್ಮ ತಾಲ್ಲೂಕಿನದೇ ಆತಕೂರು ಶಾಸನ, ಈಗ ಬೆಂಗಳೂರಿನ ಸರ್ಕಾರಿ ಮ್ಯೂಸಿಯಂನಲ್ಲಿದೆ, ಹಂದಿಯೊಡನೆ ಹೋರಾಡಿ ಸತ್ತ ಕಾಳಿ ಎಂಬ ನಾಯಿಯದು. ಅದರ ಪೂಜೆಗೆ ಭೂಮಿ ಬಿಟ್ಟು, ಪೂಜಿಸದೆ ಉಂಡ ಗೊರವನಿಗೆ (ಪೂಜೆಯ ಹೊಣೆ ಹೊತ್ತ ಶೈವ ಅರ್ಚಕ) ನಾಯಿಯ ಪಾಪ ತಟ್ಟಲಿ ಎಂದೂ ಕೊರೆದಿದ್ದಾರೆ. ನಿಮ್ಮ ಕಲ್ಲಿನ ಗೊರವ ಯಾರೆಂದು ಈಗಲೇ ಗೊತ್ತುಮಾಡಿ.

ದೀಪಕ್ಕೆ, ಅರಿಸಿನ ಕುಂಕುಮಕ್ಕೆ ಮುಂದೊಂದು ಸಣ್ಣ ಕಟ್ಟೆ ಬೇರೆ ಮಾಡಿಸಿ. ಎಣ್ಣೆ ಅಕ್ಷರದೊಳಗೆ ಇಳಿದರೆ ಧೂಳು ಕಚ್ಚಿ ಓದಲಾಗುವುದಿಲ್ಲ. ತೊಳೆಯಲು ನೀರು, ಮೆತ್ತನೆಯ ಬ್ರಷ್ ಸಾಕು. ಆ್ಯಸಿಡ್ ಹಾಕಿದರೆ ಅಕ್ಷರದ ಬಣ್ಣ ಹೋಗುತ್ತದೆ.